ಪಿ.ಕೆ. ಬ್ಯಾನರ್ಜಿ: ಮಾತಿನ ಮಲ್ಲರೋ, ಆಟದ ಮೇಷ್ಟ್ರೋ?

ರೈಟ್ ಔಟ್

ಮೊನ್ನೆ ಗೆಳೆಯರೊಬ್ಬರ ಮನೆಯಲ್ಲಿ ಭಾರತದ ಫುಟ್‌ಬಾಲ್ ತರಬೇತುದಾರರ ಮಾತು ಬಂತು. ಕಾಲೇಜು ಓದುವ ಹುಡುಗನೊಬ್ಬ ಪ್ರದೀಪ್ ಕುಮಾರ್ ಬ್ಯಾನರ್ಜಿಯವರನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟ: 'ಅವರಾ? ಡ್ರೆಸ್ಸಿಂಗ್ ಕೋಣೆಯಲ್ಲಿ ಭಾಷಣ ಮಾಡಿ ಗೆಲ್ಲಿಸುತ್ತಿದ್ದರಂತಲ್ಲ!' ಅಲ್ಲಿಂದ ಎದ್ದು ಬಂದ ಮೇಲೂ ಆ ಮಾತು ಮುಳ್ಳಿನಂತೆ ಚುಚ್ಚುತ್ತಿದೆ. ಆದ್ದರಿಂದ ಈ ಚರ್ಚೆ.

ಆ ಭಾಷಣಗಳಿಗೆ 'ವೋಕಲ್ ಟಾನಿಕ್', ಅಂದರೆ ಮಾತಿನ ಟಾನಿಕ್, ಎಂಬ ಹೆಸರು ಕೋಲ್ಕತ್ತದಲ್ಲಿ ಪ್ರೀತಿಯಿಂದಲೇ ಹುಟ್ಟಿದ್ದು. ಆದರೆ ಅದು ಪಿ.ಕೆ. ಅವರಿಗೆ ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿತು ಎಂಬುದು ನನ್ನ ವಾದ. ಬಾಯಿ ಜೋರಿದ್ದವರೆಲ್ಲ ತರಬೇತುದಾರರಾಗುವಂತಿದ್ದರೆ ನಮ್ಮ ಬೀದಿಯಲ್ಲೇ ಇಪ್ಪತ್ತು ಮಂದಿ ಇದ್ದಾರೆ.

ಹಿನ್ನೆಲೆ ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳುತ್ತೇನೆ. ಹುಟ್ಟಿದ್ದು 1936ರ ಜೂನ್ 23ರಂದು, ಜಲಪಾಯಿಗುಡಿ ಸೀಮೆಯ ಮೊಯ್ನಾಗುಡಿಯಲ್ಲಿ. ಬೆಳೆದದ್ದು ಜಮ್‌ಶೆಡ್‌ಪುರದಲ್ಲಿ. ಹದಿಹರೆಯದಲ್ಲೇ ಬಿಹಾರದ ಪರವಾಗಿ ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿ, ಆಮೇಲೆ ಕೋಲ್ಕತ್ತದ ಆರ್ಯನ್ ಕ್ಲಬ್, 1955ರಿಂದ ಈಸ್ಟರ್ನ್ ರೈಲ್ವೆ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದ ತಂಡದಲ್ಲಿದ್ದರು. 1960ರ ರೋಮ್‌ನಲ್ಲಿ ನಾಯಕರಾಗಿ ಫ್ರಾನ್ಸ್ ವಿರುದ್ಧ ಗೋಲು ಹೊಡೆದರು. ಆ ಪಂದ್ಯ 1–1ರಲ್ಲಿ ಮುಗಿಯಿತು. 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ದಕ್ಷಿಣ ಕೊರಿಯಾ ವಿರುದ್ಧದ ಮೊದಲ ಗೋಲು ಅವರದು, ಎರಡನೆಯದು ಜರ್ನೈಲ್ ಸಿಂಗ್ ಅವರದು. 2–1, ಚಿನ್ನ. 1961ರಲ್ಲಿ ಅರ್ಜುನ ಪ್ರಶಸ್ತಿ ಶುರುವಾದಾಗ ಫುಟ್‌ಬಾಲ್‌ನಿಂದ ಅದನ್ನು ಪಡೆದ ಮೊದಲಿಗರೂ ಅವರೇ.

ಕೋಲ್ಕತ್ತದ ಎರಡು ದೊಡ್ಡ ಎದುರಾಳಿ ಕ್ಲಬ್ಬುಗಳೆಂದರೆ ಮೋಹನ್ ಬಾಗನ್ ಮತ್ತು ಈಸ್ಟ್ ಬೆಂಗಾಲ್. ಇಷ್ಟೆಲ್ಲ ಆದರೂ ಆಟಗಾರನಾಗಿ ಅವರು ಒಂದು ಋತುವೂ ಮೋಹನ್ ಬಾಗನ್ ಅಂಗಿ ತೊಡಲಿಲ್ಲ, ಈಸ್ಟ್ ಬೆಂಗಾಲ್ ಅಂಗಿಯನ್ನೂ ತೊಡಲಿಲ್ಲ. 1967ರಲ್ಲಿ ಗಾಯಗಳಿಂದ ಬೂಟು ಕಳಚುವವರೆಗೂ ರೈಲ್ವೆಯವರಾಗಿಯೇ ಉಳಿದರು. ಅಂಥವರು ಮುಂದೆ ಎರಡೂ ಕ್ಲಬ್ಬುಗಳನ್ನು ಆಳಿದರು. ನನಗೆ ಕುತೂಹಲ ಇರುವುದು ಇಲ್ಲಿಯೇ.

ಹಲಸೂರು ಹಳಬ

ಒಳ್ಳೆಯ ವಿಷಯ ಎತ್ತಿದಿರಿ. ವಯಸ್ಸಾದವನು, ಸ್ವಲ್ಪ ಉದ್ದ ಬರೆದರೆ ಬೇಸರಿಸಬೇಡಿ.

ಪಿ.ಕೆ. ಕಥೆ ಬಂಗಾಳದ್ದು ಎಂದು ನಮ್ಮವರು ಅಂದುಕೊಂಡಿದ್ದಾರೆ. ಅದರ ಪ್ರತಿ ಅಧ್ಯಾಯದಲ್ಲೂ ಬೆಂಗಳೂರಿನ ಒಬ್ಬ ಆಸಾಮಿ ನಿಂತಿರುತ್ತಾನೆ. ಮೆಲ್ಬರ್ನ್‌ನಲ್ಲಿ ಅವರ ಜೊತೆ ನಮ್ಮ ಕೆಂಪಯ್ಯ ಇದ್ದರು. ಜಕಾರ್ತದ ಚಿನ್ನದ ತಂಡದಲ್ಲಿ ಅರುಮೈನಾಯಗಂ ಇದ್ದರು. 1970ರ ಬ್ಯಾಂಕಾಕ್ ಏಷ್ಯಾಡ್‌ನಲ್ಲಿ ಭಾರತಕ್ಕೆ ಕಂಚು ಬಂದಾಗ ತಂಡದ ತರಬೇತಿ ಇಬ್ಬರ ಕೈಯಲ್ಲಿತ್ತು: ಒಬ್ಬರು ಪಿ.ಕೆ., ಇನ್ನೊಬ್ಬರು ನಮ್ಮ ಜಿ.ಎಂ.ಎಚ್. ಬಾಷಾ. ಕಂಚಿನ ಪಂದ್ಯದಲ್ಲಿ ಜಪಾನನ್ನು 1–0ಯಿಂದ ಸೋಲಿಸಿದ್ದರು. ಅದಾದ ಮೇಲೆ ಏಷ್ಯಾಡ್ ಫುಟ್‌ಬಾಲ್‌ನಲ್ಲಿ ನಮಗೆ ಪದಕವೇ ಸಿಕ್ಕಿಲ್ಲ. ಬಾಷಾ ಹೆಸರನ್ನು ಈಗ ಎಷ್ಟು ಜನ ಹೇಳುತ್ತಾರೆ? ಬೆಂಗಳೂರಿನಲ್ಲೇ ಹೇಳುವುದಿಲ್ಲ.

ಮತ್ತೆ ಉಲಗನಾಥನ್. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ, ಮೊಮ್ಮಗ ಕಂಪ್ಯೂಟರ್ ಕೇಳುತ್ತಿದ್ದಾನೆ.

ಅಂಕಿಅಂಶ

ಭಾವುಕತೆಗೆ ಸ್ವಲ್ಪ ತಣ್ಣೀರು ಹಾಕುತ್ತೇನೆ, ಕ್ಷಮಿಸಿ.

ಪಿ.ಕೆ. ಈಸ್ಟ್ ಬೆಂಗಾಲ್‌ಗೆ ಬಂದದ್ದು 1972ರಲ್ಲಿ. ಅದಕ್ಕೂ ಮೊದಲೇ, 1970 ಮತ್ತು 1971ರಲ್ಲಿ ಆ ತಂಡ ಕಲ್ಕತ್ತಾ ಲೀಗ್ ಗೆದ್ದಾಗಿತ್ತು. ಹಬೀಬ್, ಸುಧೀರ್ ಕರ್ಮಾಕರ್, ಗೌತಮ್ ಸರ್ಕಾರ್ ಅಂಥವರನ್ನು ಕೈಗೆ ಕೊಟ್ಟರೆ ಯಾರು ಬೇಕಾದರೂ ಗೆಲ್ಲಿಸುತ್ತಾರೆ. ಬೇಯಿಸಿಟ್ಟ ಅನ್ನಕ್ಕೆ ಸಾರು ಹಾಕಿದ್ದನ್ನೇ ಅಡುಗೆ ಎಂದು ಕರೆಯಬೇಕೇ?

ತರಬೇತುದಾರನ ಯೋಗ್ಯತೆ ಗೊತ್ತಾಗುವುದು ಎದುರಾಳಿ ತನ್ನಷ್ಟೇ ಬಲವಾಗಿದ್ದಾಗ. 1982ರ ದೆಹಲಿ ಏಷ್ಯಾಡ್ ನೋಡಿ: ತವರಿನ ಮೈದಾನ, ತವರಿನ ಜನ, ಎಂಟರ ಘಟ್ಟದಲ್ಲಿ ಸೌದಿ ಅರೇಬಿಯಾಕ್ಕೆ ಕೊನೆಯ ಗಳಿಗೆಯ ಗೋಲಿನಿಂದ 0–1 ಸೋಲು. 1986ರ ಸಿಯೋಲ್ ಏಷ್ಯಾಡ್‌ನಲ್ಲೂ ಅವರೇ ಇದ್ದರು, ಅಲ್ಲಿಂದಲೂ ಏನೂ ಬರಲಿಲ್ಲ. ಟಾನಿಕ್ ಗಂಗೆಯ ದಡದಲ್ಲಿ ಮಾತ್ರ ಕೆಲಸ ಮಾಡುತ್ತಿತ್ತೇ?

ಲೇಕ್ ಟೌನ್ ಕನ್ನಡಿಗ

ಹನ್ನೊಂದು ವರ್ಷದಿಂದ ಕೋಲ್ಕತ್ತದಲ್ಲಿದ್ದೇನೆ. ಅಂಕಿಅಂಶ ಅವರೇ, ಲೆಕ್ಕ ಸರಿ, ಆದರೆ 'ಯಾರು ಬೇಕಾದರೂ' ಎಂಬ ಮಾತು ಸರಿಯಲ್ಲ. 1972ರ ಲೀಗನ್ನು ಈಸ್ಟ್ ಬೆಂಗಾಲ್ ಒಂದೇ ಒಂದು ಗೋಲು ಬಿಟ್ಟುಕೊಡದೆ ಗೆದ್ದಿತು. ಇಡೀ ಲೀಗ್! ಅದೇ ವರ್ಷ ಐಎಫ್‌ಎ ಶೀಲ್ಡ್, ಡ್ಯುರಾಂಡ್ ಎರಡೂ ಟೂರ್ನಿಗಳ ಕಪ್ ಬಂದವು. ಹಿಂದಿನ ಎರಡು ವರ್ಷ ಗೆದ್ದ ತಂಡ ಮೂರನೆಯ ವರ್ಷ ಹೊಟ್ಟೆ ತುಂಬಿದವರಂತೆ ಆಡುವುದು ಲೋಕರೂಢಿ. ಇವರು ಇನ್ನೂ ಹಸಿದವರಂತೆ ಆಡಿದರು. ಬೆನ್ನಲ್ಲೇ 1973ರ ಶೀಲ್ಡ್ ಅಂತಿಮ ಪಂದ್ಯದಲ್ಲಿ ಉತ್ತರ ಕೊರಿಯಾದ ಪ್ಯೊಂಗ್ಯಾಂಗ್ ತಂಡವನ್ನು 3–1ರಿಂದ ಕೆಡವಿದರು. ಎದುರಾಳಿ ಬಲವಾಗಿರಬೇಕು ಎಂದಿರಲ್ಲ, ಅದಕ್ಕೆ ಹೇಳಿದೆ.

ಈಗ 1975. ನಮ್ಮ ಮನೆಯ ಕೆಳಗಿನ ಮೀನಿನ ಅಂಗಡಿಯ ಮುದುಕ ಕಟ್ಟಾ ಮೋಹನ್ ಬಾಗನ್ ಅಭಿಮಾನಿ. ಈಸ್ಟ್ ಬೆಂಗಾಲ್ ಗೆದ್ದರೆ ಇಲಿಶ್ ಮೀನಿನ ಬೆಲೆ ಏರುತ್ತದೆ, ಮೋಹನ್ ಬಾಗನ್ ಗೆದ್ದರೆ ಸಿಗಡಿಯ ಬೆಲೆ ಏರುತ್ತದೆ ಎಂದು ಇಲ್ಲಿ ಹೇಳುವುದುಂಟು. ಈತನಿಗೆ ಅದು ವ್ಯಾಪಾರದ ಜೊತೆಗೆ ಮತದ ವಿಷಯ ಕೂಡ. ಎಷ್ಟು ಮಾತನಾಡಿದರೂ '75' ಎಂದ ಕೂಡಲೇ ಚಾಕು ಕೆಳಗಿಟ್ಟು ಸುಮ್ಮನಾಗುತ್ತಾನೆ. ಸೆಪ್ಟೆಂಬರ್ 30, ಶೀಲ್ಡ್ ಫೈನಲ್, ಈಸ್ಟ್ ಬೆಂಗಾಲ್ 5, ಮೋಹನ್ ಬಾಗನ್ 0. ಶ್ಯಾಮ್ ಥಾಪಾ ಎರಡು, ಸುರಜಿತ್ ಸೇನ್‌ಗುಪ್ತಾ, ರಂಜಿತ್ ಮುಖರ್ಜಿ, ಶುಭಂಕರ್ ಸನ್ಯಾಲ್ ತಲಾ ಒಂದು.

ಆಗ ಮೋಹನ್ ಬಾಗನ್‌ನ ಮಧ್ಯಮ ಪಂಕ್ತಿಯಲ್ಲಿದ್ದವರು ಪ್ರಸೂನ್ ಬ್ಯಾನರ್ಜಿ, ಪಿ.ಕೆ. ಅವರ ಸ್ವಂತ ತಮ್ಮ. ಅಣ್ಣ ಆ ಕಡೆಯ ಬೆಂಚಿನಲ್ಲಿ. ಅಭಿಮಾನಿಗಳ ಸಿಟ್ಟಿಗೆ ಹೆದರಿ ಸೋತ ತಂಡದ ಕೆಲವು ಆಟಗಾರರು ಆ ರಾತ್ರಿಯನ್ನು ಗಂಗೆಯ ಮೇಲೆ ದೋಣಿಯಲ್ಲಿ ಕಳೆದರು ಎಂಬ ಕಥೆ ಇಲ್ಲಿ ಮಕ್ಕಳಿಗೂ ಗೊತ್ತು.

ಇಷ್ಟೆಲ್ಲ ಆದ ಮೇಲೆ, ಮುಂದಿನ ಋತುವಿಗೆ ಪಿ.ಕೆ. ಎಲ್ಲಿಗೆ ಹೋದರು ಹೇಳಿ? ಮೋಹನ್ ಬಾಗನ್‌ಗೆ. ಐದು ಗೋಲು ಹೊಡೆಸಿದವರನ್ನೇ ಕರೆದು ಕೀಲಿಕೈ ಕೊಟ್ಟರು!

ಹಲಸೂರು ಹಳಬ

ಹಾಂ, ಈಗ ನನ್ನ ಸರದಿ. 1976ರ ಜುಲೈ, ಕಲ್ಕತ್ತಾ ಲೀಗ್. ಮೋಹನ್ ಬಾಗನ್ ಬೆಂಚಿನಲ್ಲಿ ಪಿ.ಕೆ. ಸೀಟಿ ಊದಿದ ಕೂಡಲೇ ಚೆಂಡು ಪಕ್ಕದಲ್ಲಿದ್ದ ಉಲಗನಾಥನ್ ಅವರ ಕಾಲಿಗೆ ಬಂತು. ಒಂದು ಓಟ, ಒಂದು ಕ್ರಾಸ್, ಅಕ್ಬರ್ ತಲೆ, ಗೋಲು. ಹದಿನೇಳು ಸೆಕೆಂಡು. ಈಸ್ಟ್ ಬೆಂಗಾಲ್ ಆಟಗಾರರು ಇನ್ನೂ ತಮ್ಮ ಜಾಗ ಹುಡುಕುತ್ತಿದ್ದರು. ಅದೊಂದೇ ಗೋಲಿಗೆ ಪಂದ್ಯ ಮುಗಿಯಿತು. ಆರು ವರ್ಷ ಸತತವಾಗಿ ಈಸ್ಟ್ ಬೆಂಗಾಲ್ ಕೈಯಲ್ಲಿದ್ದ ಲೀಗ್ ಆ ವರ್ಷ ಮೋಹನ್ ಬಾಗನ್‌ಗೆ ಬಂತು.

ಆ ಕ್ರಾಸ್ ಹಾಕಿದವರು ನಮ್ಮ ಬೆಂಗಳೂರಿನವರು. ಆಸ್ಟಿನ್ ಟೌನ್, ಮರ್ಫಿ ಟೌನ್, ಗೌತಮಪುರ, ಈ ಮೂರು ಕಡೆ ಆ ಸಂಜೆ ಹೇಗಿತ್ತು ಎಂದು ನಾನು ವಿವರಿಸಲಾರೆ. ನಮ್ಮ ಹುಡುಗರಲ್ಲಿ ಯಾರೂ ಬಂಗಾಳ ನೋಡಿದವರಲ್ಲ. ಆದರೂ ಚಹಾ ಅಂಗಡಿಯವನು ದುಡ್ಡು ಕೇಳಲಿಲ್ಲ, ಅಷ್ಟು ಸಾಕು.

ಹದಿನೇಳು ಸೆಕೆಂಡಿನ ಗೋಲು ಬರೀ ಮಾತಿನಿಂದ ಬರುವುದಿಲ್ಲ, ಸ್ವಾಮಿ. ಯಾರು ಎಲ್ಲಿಗೆ ಓಡಬೇಕು, ಯಾರ ತಲೆ ಎಲ್ಲಿರಬೇಕು ಎಂಬುದು ಮೊದಲೇ ಗೊತ್ತಿರಬೇಕು. ಪಿ.ಕೆ. ತಾವೇ ಬಲಪಕ್ಕದ ಆಟಗಾರರು. ಪಕ್ಕದಿಂದ ಬರುವ ಚೆಂಡಿನ ಬೆಲೆ ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರುತ್ತದೆ?

ಅಂಕಿಅಂಶ

ಉಲಗನಾಥನ್ ಕ್ರಾಸ್‌ಗೆ ನನ್ನದೂ ಒಂದು ಸಲಾಮು. ಆದರೆ ಹಿರಿಯರೇ, ಹದಿನೇಳು ಸೆಕೆಂಡಿನ ಗೋಲನ್ನು ಅಭ್ಯಾಸದ ಫಲ ಎಂದು ಸಾಧಿಸುವುದು ಕಷ್ಟ. ಲಾಟರಿ ಹೊಡೆದವನು ನಂಬರು ಲೆಕ್ಕ ಹಾಕಿಯೇ ಕೊಂಡೆ ಎಂದು ಹೇಳಿದಂತಾಗುತ್ತದೆ.

ರೈಲ್ವೆ ಕ್ವಾರ್ಟರ್ಸ್

ನಾನು ಹುಬ್ಬಳ್ಳಿಯವನು. ಅಪ್ಪ ರೈಲ್ವೆಯಲ್ಲಿದ್ದರು, ಹಾಕಿ ಆಡುತ್ತಿದ್ದರು. ರೈಟ್ ಔಟ್ ಅವರ ಮೊದಲ ಪ್ರಶ್ನೆ ಚರ್ಚೆಯಲ್ಲಿ ಎಲ್ಲೋ ಕಳೆದುಹೋಗಿದೆ ಎಂದು ಬರೆಯುತ್ತಿದ್ದೇನೆ: ದೊಡ್ಡ ಕ್ಲಬ್ಬುಗಳ ಕರೆ ಇದ್ದರೂ ಈ ಮನುಷ್ಯ ರೈಲ್ವೆಯಲ್ಲೇ ಏಕೆ ಉಳಿದರು?

ನಮ್ಮ ಕಾಲೋನಿಯಲ್ಲಿ ಬೆಳೆದವರಿಗೆ ಇದು ಪ್ರಶ್ನೆಯೇ ಅಲ್ಲ. ಸಂಬಳ, ಕ್ವಾರ್ಟರ್ಸ್, ಪಾಸು, ಪಿಂಚಣಿ. ಮೊಣಕಾಲು ಹೋದರೂ ಹಾಜರಿ ಪುಸ್ತಕದಲ್ಲಿ ಹೆಸರು ಇರುತ್ತದೆ. ಕ್ಲಬ್ಬಿನ ದುಡ್ಡು ದೊಡ್ಡದಿರಬಹುದು, ಆದರೆ ಅದು ಕಾಲು ಗಟ್ಟಿಯಾಗಿರುವ ತನಕ. ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚಿದ್ದವನು ಅಂಗಿಯ ಬಣ್ಣ ನೋಡುವುದಿಲ್ಲ.

ಆ ರೈಲ್ವೆ ತಂಡವನ್ನು ಸಣ್ಣದೆಂದೂ ತಿಳಿಯಬೇಡಿ. 1958ರಲ್ಲಿ ಪಿ.ಕೆ. ಇದ್ದ ಈಸ್ಟರ್ನ್ ರೈಲ್ವೆ ಕಲ್ಕತ್ತಾ ಲೀಗ್ ಗೆದ್ದಿತು. ಆಮೇಲೆ ಮೋಹನ್ ಬಾಗನ್, ಈಸ್ಟ್ ಬೆಂಗಾಲ್, ಮೊಹಮ್ಮಡನ್ ಸ್ಪೋರ್ಟಿಂಗ್ ಬಿಟ್ಟು ಇನ್ನೊಂದು ತಂಡ ಆ ಲೀಗ್ ಗೆಲ್ಲಲು 2019ರ ತನಕ ಕಾಯಬೇಕಾಯಿತು, ಪೀರ್‌ಲೆಸ್ ಬರುವ ತನಕ. ಅರವತ್ತೊಂದು ವರ್ಷ! ಗೆಲ್ಲುವ ಕುದುರೆಯ ಮೇಲೆ ಕುಳಿತವರು ಎಂದು ಇವರನ್ನು ಅನ್ನುವವರು ಇದನ್ನು ಒಮ್ಮೆ ನೋಡಲಿ.

ಇನ್ನೊಂದು ಮಾತು. ಎರಡು ಮನೆಗಳ ಜಗಳದಲ್ಲಿ ಎರಡೂ ಕಡೆಯವರು ನಂಬುವುದು ಮೂರನೆಯ ಮನೆಯವನನ್ನು. ಪಿ.ಕೆ. ಯಾವ ಅಂಗಿಯನ್ನೂ ತೊಟ್ಟಿರಲಿಲ್ಲವಾದ್ದರಿಂದಲೇ ಎರಡೂ ಕಡೆ ಸಲ್ಲಿದರು ಎಂದು ನನಗೆ ಅನ್ನಿಸುತ್ತದೆ.

ರೈಟ್ ಔಟ್

ರೈಲ್ವೆ ಕ್ವಾರ್ಟರ್ಸ್ ಅವರೇ, ಆ ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ಧನ್ಯವಾದ.

ಅಂಕಿಅಂಶ ಅವರಿಗೆ: ಅಭ್ಯಾಸ, ಓದು ಎರಡೂ ಇತ್ತು. 1969ರಲ್ಲಿ ಜಪಾನಿನಲ್ಲಿ ಜರ್ಮನಿಯ ಡೆಟ್ಮಾರ್ ಕ್ರಾಮರ್ ನಡೆಸಿದ ಫಿಫಾ ತರಬೇತಿ ಶಾಲೆಯಲ್ಲಿ ಕಲಿತು ಬಂದವರು ಪಿ.ಕೆ. ನಮ್ಮಲ್ಲಿ ನಿವೃತ್ತ ಆಟಗಾರ ಕೊರಳಿಗೆ ಸೀಟಿ ಹಾಕಿಕೊಂಡರೆ ಸಾಕು, ತರಬೇತುದಾರ ಎಂದು ತಿಳಿದಿದ್ದ ಕಾಲ ಅದು.

ಮಾತಿನ ಕಲೆ ಎಲ್ಲಿಂದ ಬಂತು ಎಂದು ಕೇಳಿದರೆ ನಾನು ಜಕಾರ್ತದಲ್ಲಿ ಭಾರತದ ತರಬೇತುದಾರರಾಗಿದ್ದ ಸೈಯದ್ ಅಬ್ದುಲ್ ರಹೀಂ ಅವರ ಕಡೆ ಕೈ ತೋರಿಸುತ್ತೇನೆ. ಹೈದರಾಬಾದಿನ ಶಾಲಾ ಮೇಷ್ಟ್ರು. ಜಕಾರ್ತದಲ್ಲಿ ಅವರ ದೇಹವನ್ನು ಕ್ಯಾನ್ಸರ್ ತಿನ್ನುತ್ತಿತ್ತು, ಮರುವರ್ಷವೇ ತೀರಿಕೊಂಡರು. ಇಸ್ರೇಲ್ ಮತ್ತು ತೈವಾನ್‌ಗೆ ಪ್ರವೇಶ ಕೊಡದ್ದನ್ನು ಭಾರತದ ಕ್ರೀಡಾ ಆಡಳಿತಗಾರ ಜಿ.ಡಿ. ಸೋಂಧಿ ಟೀಕಿಸಿದ್ದರಿಂದ ಇಡೀ ಊರು ನಮ್ಮವರ ಮೇಲೆ ಮುನಿದಿತ್ತು. ತಲೆಗೆ ಹೊಲಿಗೆ ಹಾಕಿಸಿಕೊಂಡಿದ್ದ ರಕ್ಷಣಾ ಆಟಗಾರ ಜರ್ನೈಲ್ ಸಿಂಗ್ ಅವರನ್ನು ರಹೀಂ ಮುಂಪಂಕ್ತಿಗೆ ತಂದರು. ಯಾರಾದರೂ ಹುಚ್ಚು ಎನ್ನುವಂಥ ನಿರ್ಧಾರ. ಆ ಕೋಣೆಯಲ್ಲಿ ಕುಳಿತು ಕೇಳಿದ ಇಪ್ಪತ್ತಾರರ ತರುಣನಿಗೆ ತಂತ್ರ ಬೇರೆ, ಮಾತು ಬೇರೆ ಎಂದು ಅನ್ನಿಸಿರಲಾರದು. ನೀನು ಇದನ್ನು ಮಾಡಬಲ್ಲೆ ಎಂದು ನಂಬಿಸದೆ ಡಿಫೆಂಡರ್‌ನನ್ನು ಸ್ಟ್ರೈಕರ್ ಮಾಡಲಾಗುವುದಿಲ್ಲ.

ಪಿ.ಕೆ. ಅದನ್ನೇ ಮಾಡಿದ್ದು 1977ರಲ್ಲಿ. ಲೀಗ್‌ನಲ್ಲಿ ಮೋಹನ್ ಬಾಗನ್ ಈಸ್ಟ್ ಬೆಂಗಾಲ್ ಎದುರು 0–2ರಿಂದ ಸೋತಿತ್ತು. ಊರೆಲ್ಲ ಉಗಿಯುತ್ತಿತ್ತು. ಅಂಥ ಹೊತ್ತಿನಲ್ಲಿ, ಸೆಪ್ಟೆಂಬರ್ 24ರಂದು, ಈಡನ್ ಗಾರ್ಡನ್ಸ್‌ಗೆ ಪೆಲೆ ಇದ್ದ ನ್ಯೂಯಾರ್ಕ್ ಕಾಸ್ಮೋಸ್ ಬಂದಿತು. ಪೆಲೆಯನ್ನು ನೆರಳಿನಂತೆ ಹಿಂಬಾಲಿಸುವ ಕೆಲಸ ಗೌತಮ್ ಸರ್ಕಾರ್ ಅವರದಾಯಿತು. ಪಂದ್ಯ 2–2ರಲ್ಲಿ ಮುಗಿಯಿತು. ಕಾಸ್ಮೋಸ್ ಸಮ ಮಾಡಿಕೊಂಡದ್ದು ಇವತ್ತಿಗೂ ಕೋಲ್ಕತ್ತ ಒಪ್ಪದ ಒಂದು ಪೆನಾಲ್ಟಿಯಿಂದ. ಕೆಲವೇ ದಿನಗಳಲ್ಲಿ ಶೀಲ್ಡ್ ಫೈನಲ್‌ನಲ್ಲಿ ಅದೇ ಈಸ್ಟ್ ಬೆಂಗಾಲ್ ಮೇಲೆ 1–0 ಗೆಲುವು. ಆ ಋತುವಿನಲ್ಲೇ ಡ್ಯುರಾಂಡ್, ರೋವರ್ಸ್ ಕಪ್‌ಗಳು ಕೂಡ. ಕುಸಿದ ತಂಡವನ್ನು ಎತ್ತಿ ನಿಲ್ಲಿಸಿದ್ದಕ್ಕೆ ಬೇಯಿಸಿಟ್ಟ ಅನ್ನದ ಹೋಲಿಕೆ ಹೊಂದುವುದಿಲ್ಲ.

ಅಂಕಿಅಂಶ

ಕಾಸ್ಮೋಸ್ ಪಂದ್ಯ ಪ್ರದರ್ಶನ ಪಂದ್ಯ. ಪೆಲೆಗೆ ಆಗ ಮೂವತ್ತಾರು ದಾಟಿ ಮೂವತ್ತೇಳು ಹತ್ತಿರವಾಗಿತ್ತು; ವಾರ ಕಳೆದು ಅಕ್ಟೋಬರ್ 1ರಂದು ಬೀಳ್ಕೊಡುಗೆ ಪಂದ್ಯ ಆಡಿ ಆಟ ಬಿಟ್ಟರು. ಮೈದಾನ ಬೇರೆ ಮಳೆಗೆ ನೆನೆದಿತ್ತು. ಅಂಥ ದಿನದ 2–2 ಹಿಡಿದುಕೊಂಡು ಐವತ್ತು ವರ್ಷ ಬದುಕುವುದು ಬಂಗಾಳಿಗಳಿಗೇ ಸಾಧ್ಯ.

ಶೀಲ್ಡ್ ಗೆಲುವನ್ನು ಮಾತ್ರ ಒಪ್ಪುತ್ತೇನೆ. 1978ರಲ್ಲಿ ಸೋವಿಯತ್ ಒಕ್ಕೂಟದ ಅರರಾತ್ ಯೆರೆವಾನ್ ಜೊತೆ ಶೀಲ್ಡ್ ಹಂಚಿಕೊಂಡದ್ದು ಇನ್ನೂ ದೊಡ್ಡದು. ಅದನ್ನು ನಿಮ್ಮ ಪಕ್ಷದವರು ಯಾರೂ ಹೇಳಲಿಲ್ಲ, ನಾನೇ ಹೇಳಬೇಕಾಯಿತು.

ನಿರ್ವಾಹಕ

ಬಂಗಾಳಿಗಳ ಕುರಿತ ಸಾಮಾನ್ಯೀಕರಣ ಬೇಡ. ಉಳಿದಂತೆ ಚರ್ಚೆ ಚೆನ್ನಾಗಿದೆ, ಮುಂದುವರಿಸಿ.

ಹನ್ನೆರಡನೆಯವಳು

ಇಲ್ಲಿ ಹೊಸಬಳು. ಯಾರೂ 1997ರ ಬಗ್ಗೆ ಬರೆದಿಲ್ಲವಲ್ಲ ಎಂದು ಖಾತೆ ತೆರೆದೆ!

ಜುಲೈ 13, ಸಾಲ್ಟ್ ಲೇಕ್ ಕ್ರೀಡಾಂಗಣ, ಫೆಡರೇಷನ್ ಕಪ್ ಉಪಾಂತ್ಯ. ಮೋಹನ್ ಬಾಗನ್ ತರಬೇತುದಾರ ಅಮಲ್ ದತ್ತಾ, ಈಸ್ಟ್ ಬೆಂಗಾಲ್‌ಗೆ ಪಿ.ಕೆ. ಇಬ್ಬರೂ ಹಳೆಯ ಆಟಗಾರರು, ಇಬ್ಬರೂ ಅರವತ್ತು ದಾಟಿದವರು, ಇಬ್ಬರಿಗೂ ಹಳೆಯ ಲೆಕ್ಕ ಬಾಕಿ. ದತ್ತಾ ಆ ವರ್ಷ 'ಡೈಮಂಡ್' ವ್ಯೂಹ ತಂದಿದ್ದರು. ಅದರಿಂದ ಚರ್ಚಿಲ್ ಬ್ರದರ್ಸ್ ತಂಡವನ್ನು 6–0ಯಿಂದ ಹುರಿದು ಮುಕ್ಕಿದ್ದರು. ಪತ್ರಿಕೆಯವರ ಮುಂದೆ ಬಾಯಿಗೆ ಬೀಗವೇ ಇರಲಿಲ್ಲ. ಈಸ್ಟ್ ಬೆಂಗಾಲ್ ಆಟಗಾರರಲ್ಲಿ ಬೈಚುಂಗ್ ಭುಟಿಯಾ ಅವರನ್ನು 'ಚುಂಗ್ ಚುಂಗ್' ಎಂದರು, ಒಮೋಲೊ ಅವರನ್ನು 'ಆಮ್ಲೆಟ್' ಮಾಡಿದರು, ಸೊಸ್ಸೊ ಅವರನ್ನು 'ಶೊಶಾ' ಎಂದರು, ಅಂದರೆ ಬಂಗಾಳಿಯಲ್ಲಿ ಸೌತೆಕಾಯಿ.

ತಮಾಷೆ ನೋಡಿ. 'ಮಾತಿನ ಮಲ್ಲ' ಎಂದು ಹೆಸರಾದವರು ಪಿ.ಕೆ., ಆದರೆ ಆ ವಾರ ಮಾತೆಲ್ಲ ದತ್ತಾ ಅವರದು. ಪಿ.ಕೆ. ಅವರಿಗೆ ಹೊಸ ಭಾಷಣ ಬರೆಯುವ ಕೆಲಸವೇ ಉಳಿಯಲಿಲ್ಲ, ಎದುರಾಳಿಯೇ ಬರೆದುಕೊಟ್ಟಿದ್ದರು. 1,31,000 ಜನರ ಮುಂದೆ 'ಚುಂಗ್ ಚುಂಗ್' ಮೂರು ಗೋಲು ಹೊಡೆದರು. 4–1.

ನನ್ನ ಮಟ್ಟಿಗೆ ಇದು ಮಾತಿಗಿಂತ ಕಿವಿಯ ಕಥೆ. ಯಾವ ಆಟಗಾರನಿಗೆ ಯಾವ ಮಾತು ಎಲ್ಲಿ ತಾಗಿದೆ ಎಂದು ಕೇಳಿಸಿಕೊಳ್ಳುವ ಕಿವಿ.

ಅಂಕಿಅಂಶ

ಅಂತಿಮ ಪಂದ್ಯದಲ್ಲಿ ಏನಾಯಿತು ಎಂಬುದನ್ನೂ ಬರೆಯಬೇಕಿತ್ತು. ಗೋವಾದ ಸಾಲ್ಗಾಂವ್ಕರ್ ಎದುರು ಅದೇ ಈಸ್ಟ್ ಬೆಂಗಾಲ್ 1–2ರಿಂದ ಸೋತಿತು. ಉಪಾಂತ್ಯದ ಕಥೆ ಹೇಳುವವರಿಗೆ ಫೈನಲ್ ಮರೆತುಹೋಗುತ್ತದೆ. ಟಾನಿಕ್ ಎಂಬ ಹೆಸರು ಸರಿಯಾಗಿಯೇ ಇದೆ ಎಂದು ನಾನು ಹೇಳುವುದು ಇದಕ್ಕೇ: ಒಂದು ದಿನಕ್ಕೆ ಚೈತನ್ಯ ಬರುತ್ತದೆ, ಮರುದಿನ ಮತ್ತೆ ಬಾಟಲಿ ಬೇಕು.

ಹನ್ನೆರಡನೆಯವಳು

ಸತ್ಯ, ಬಿಟ್ಟಿದ್ದೆ. ಬೇಕೆಂದೇ ಬಿಟ್ಟೆ.

ಲೇಕ್ ಟೌನ್ ಕನ್ನಡಿಗ

ಅಂಕಿಅಂಶ ಅವರ ಆ ಟೀಕೆ ನನಗೂ ತಟ್ಟಿತು. 1982ರ ವಿಷಯದಲ್ಲಿ ಮಾತ್ರ ಒಂದು ತಿದ್ದುಪಡಿ. ಆ ತಂಡದ ಸಿದ್ಧತೆಯೇ ಕ್ಲಬ್ಬು–ದೇಶದ ಜಗಳದಲ್ಲಿ ನಲುಗಿತ್ತು. ಆಟಗಾರರು ಶಿಬಿರ ಬಿಟ್ಟು ಹೋದದ್ದೂ ಆಯಿತು. ಕ್ಲಬ್ಬಿನಲ್ಲಿ ಇಡೀ ವರ್ಷ ಕಣ್ಣೆದುರಿಗಿರುವ ಹುಡುಗನಿಗೆ ಯಾವ ಮಾತು ನಾಟುತ್ತದೆ ಎಂದು ತಿಳಿಯಬಹುದು. ರಾಷ್ಟ್ರೀಯ ಶಿಬಿರದಲ್ಲಿ ಅಷ್ಟು ಪುರಸೊತ್ತು ಎಲ್ಲಿ? ಪಿ.ಕೆ. ಅವರ ವಿಧಾನದ ಮಿತಿ ಅಲ್ಲಿತ್ತು, ಒಪ್ಪೋಣ.

ರೈಟ್ ಔಟ್

ಒಪ್ಪಿದೆ. ಹಾಗಾದರೆ ಪುರಸೊತ್ತು ಸಿಕ್ಕಿದ ಕಡೆ ಏನು ಮಾಡಿದರು ಎಂದು ನೋಡೋಣ. 1991ರಿಂದ 1997ರವರೆಗೆ ಅವರು ತಮ್ಮ ಬಾಲ್ಯದ ಊರಾದ ಜಮ್‌ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ತಾಂತ್ರಿಕ ನಿರ್ದೇಶಕರಾಗಿದ್ದರು. ಫೈನಲ್ ಇಲ್ಲ, ಗ್ಯಾಲರಿ ಇಲ್ಲ, ಭಾಷಣ ಕೇಳುವ ಪತ್ರಕರ್ತರೂ ಇಲ್ಲ. ಹದಿಹರೆಯದ ಹುಡುಗರು, ಬೆಳಗಿನ ಮೈದಾನ, ಅಷ್ಟೇ. ಅಲ್ಲಿ ಆಗ ಒಬ್ಬ ಬೆಂಗಳೂರಿನ ಹುಡುಗನಿದ್ದ. ಹೆಸರು ಕಾರ್ಲ್ಟನ್ ಚಾಪ್ಮನ್.

1990ರಲ್ಲಿ ಅಕಾಡೆಮಿ ಸೇರಿದ್ದ ಚಾಪ್ಮನ್ 1993ರಲ್ಲಿ ಈಸ್ಟ್ ಬೆಂಗಾಲ್‌ಗೆ ಬಂದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ವಿರುದ್ಧ 6–2 ಗೆಲುವು, ಚಾಪ್ಮನ್ ಮೂರು ಗೋಲು. 2001ರಲ್ಲಿ ಅವರ ನಾಯಕತ್ವದಲ್ಲೇ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಭಾರತದ ನಾಯಕರೂ ಆದರು. ಆಮೇಲೆ ಅವರೂ ತರಬೇತುದಾರರಾದರು.

ಹಲಸೂರು ಹಳಬ

ಚಾಪ್ಮನ್ ಹೆಸರು ಓದಿ ಎದೆ ಭಾರವಾಯಿತು. 2020 ಎಂಥ ವರ್ಷ. ಮಾರ್ಚ್ 20ರಂದು ಪಿ.ಕೆ. ಹೋದರು, ಎಂಬತ್ತಮೂರು ವರ್ಷ. ಏಪ್ರಿಲ್ 30ರಂದು ಜಕಾರ್ತದ ಚಿನ್ನದ ತಂಡದ ನಾಯಕ ಚುನಿ ಗೋಸ್ವಾಮಿ. ಅಕ್ಟೋಬರ್ 12ರಂದು ಚಾಪ್ಮನ್, ಬೆಂಗಳೂರಿನಲ್ಲೇ, ಐವತ್ತೂ ಆಗಿರಲಿಲ್ಲ. ಪಿ.ಕೆ. ಹೋದ ಎರಡು ದಿನಕ್ಕೆ ಜನತಾ ಕರ್ಫ್ಯೂ. ಬೇರೆ ಕಾಲವಾಗಿದ್ದರೆ ಕೋಲ್ಕತ್ತದ ರಸ್ತೆಗಳಲ್ಲಿ ಈಸ್ಟ್ ಬೆಂಗಾಲ್‌ನ ಕೆಂಪು–ಹಳದಿ, ಮೋಹನ್ ಬಾಗನ್‌ನ ಹಸಿರು–ಕಂದು ಎರಡೂ ಧ್ವಜ ಒಟ್ಟಿಗೆ ಇಳಿಯುತ್ತಿದ್ದವು.

ಅಂಕಿಅಂಶ

ಅಕಾಡೆಮಿಯ ವರ್ಷಗಳನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆರು ವರ್ಷ ಒಂದೇ ಕಡೆ ಕುಳಿತು ಹುಡುಗರನ್ನು ತಿದ್ದಿದವರನ್ನು ಬಾಯಿಮಾತಿನವರು ಎನ್ನಲಾಗದು. 'ಆಟದ ಮೇಷ್ಟ್ರು' ಎಂಬ ಅರ್ಧಕ್ಕೆ ನನ್ನ ಮತ ಹಾಕುತ್ತೇನೆ. 1982ರ ಸೌದಿ ಪಂದ್ಯವನ್ನು ಮಾತ್ರ ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಅಂದು ಮನೆಯ ಟಿ.ವಿ. ಮುಂದೆ ಅಳುತ್ತಾ ಮಲಗಿದ ಹುಡುಗ ನಾನೇ.

ಲೇಕ್ ಟೌನ್ ಕನ್ನಡಿಗ

ಈ ಸಂಜೆ ಕೆಳಗೆ ಹೋದಾಗ ಮೀನಿನ ಅಂಗಡಿಯ ಮುದುಕನಿಗೆ 'ಉಲಗನಾಥನ್ ನಮ್ಮ ಊರಿನವರು' ಎಂದು ಹೇಳಿದೆ. ಚಾಕು ಕೆಳಗಿಟ್ಟ. ಎಡಗೈಯಲ್ಲಿ ಅಕ್ಬರ್, ಬಲಗೈಯಲ್ಲಿ ಚೆಂಡು ಮಾಡಿ ಆ ಗೋಲನ್ನು ಕೌಂಟರ್ ಮೇಲೆ ಪೂರ್ತಿ ಆಡಿ ತೋರಿಸಿದ. ಹಿಂದೆ ಸಾಲಿನಲ್ಲಿ ನಿಂತಿದ್ದವರು ಬೈಯತೊಡಗಿದರು, ಆತನಿಗೆ ಕೇಳಿಸಲಿಲ್ಲ. ಸಿಗಡಿಗೆ ಮಾತ್ರ ಒಂದು ರೂಪಾಯಿಯೂ ಬಿಡಲಿಲ್ಲ.